ಕಂಡಕ್ಟರಣ್ಣ ಬಿಟ್ಟುಕೊಟ್ಟ ರೈಟು

ಕಂಪ್ಯೂಟರ್ ಮುಂದೆ ಕೂರುವ ಮೊದಲು ನನ್ನ ಮೊಮ್ಮಗಳು ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಾಳೆ. ನಿನ್ನೆ ಆ ವಾಸನೆ ಅಡುಗೆಮನೆವರೆಗೂ ಬಂತು. ಅದರ ಹಿಂದೆಯೇ ನಮ್ಮ ಹಳ್ಳಿ ಬಸ್ಸಿನ ಕಂಡಕ್ಟರಣ್ಣನೂ ಬಂದಂತಾಯಿತು...

ಹುಣಸೂರಿನ ನಮ್ಮ ಮನೆಯಲ್ಲೇ ಕೂತು ಅವಳು ಚೀನಾದವರಿಗೆ ಇಂಗ್ಲಿಷ್ ಕಲಿಸುತ್ತಾಳೆ ಕಣ್ರೀ! ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು, ಸಂತೋಷಕ್ಕೆ ಇದನ್ನು ಬರೆದೇ ನಿಮಗೆಲ್ಲ ಹೇಳುತ್ತಿದ್ದೇನೆ. ನಿನ್ನೆಯ ಪಾಠವೆಲ್ಲ ಒಂದೇ ಮಾತಿನದು, 'ರೈಟ್'. ಸರಿ ಅನ್ನುವುದಕ್ಕೂ ಅದೇ, ಬಲಗಡೆಗೂ ಅದೇ, ನಮಗೆ ಸೇರಬೇಕಾದ ಹಕ್ಕಿಗೂ ಅದೇ. ಈಗಿಂದೀಗಲೇ ಅನ್ನಬೇಕಾದರೂ 'ರೈಟ್ ನೌ' ಅಂತ ಅದನ್ನೇ ಮುಂದಿಡಬೇಕಂತೆ. ನನಗೆ ಗೊತ್ತಿದ್ದದ್ದು ಬಸ್ಸು ಹೊರಡಿಸುವ ರೈಟು ಒಂದೇ.

ಇದೇ ಹುಡುಗಿ ಆರು ವರ್ಷದವಳಿದ್ದಾಗ ಮನೆಯಾಚೆ ತುಟಿ ಬಿಚ್ಚುತ್ತಿರಲಿಲ್ಲ. ಆಗ ನಾವು ವೀರನಹೊಸಹಳ್ಳಿಯಲ್ಲಿದ್ದೆವು. ಹುಣಸೂರಿನ ಸ್ಕೂಲಿಗೆ ದಿನಾ ನಾನೇ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಯುಗಾದಿಯೊಳಗೆ ಮಾತಾಡದಿದ್ದರೆ ಸ್ಕೂಲು ಬಿಡಿಸಿಬಿಡಿ ಎಂದರು ಟೀಚರ್. ಅವತ್ತು ನಾನು ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡು, ಕಂಡಕ್ಟರಣ್ಣ ವಿಷಯ ಕೇಳಿ ತಿಳಿದುಕೊಂಡರು.

ಮಾರನೇ ಬೆಳಿಗ್ಗೆ ತಮ್ಮ ಜೇಬಿನ ಲವಂಗ ತೆಗೆದು ಮಗುವಿನ ಬಾಯಿಗಿಟ್ಟರು.

"ಮಗಾ, ಇವತ್ತಿಂದ ರೈಟ್ ಯೋಳೋದು ನೀನೇ. ನೀನು ಯೋಳ್ದೆ ಬಸ್ಸು ಓಗಾಕಿಲ್ಲ."

ಡ್ರೈವರ್ ಇಂಜಿನ್ ಆರಿಸಿದ. ಹಾಲಿನ ಕ್ಯಾನಿನವನು ಹಿಂದಿನಿಂದ ಕೂಗಿದ, "ಆಲು ಒಡ್ದೋಯ್ತದೆ, ಒಸಿ ಬಾಯ್ ಬುಡವ್ವ!"

"ಒಡುದ್ರೆ ಗಿಣ್ಣು ಅಂತ ಮಾರ್ಕೊ ಓಗ್ಲಾ!" ಎಂದರು ಕಂಡಕ್ಟರಣ್ಣ.

ಬಸ್ಸೆಲ್ಲ ನಕ್ಕಿತು. ನನಗೋ ನಾಚಿಕೆ. ನಾನೇ ಹೇಳಿಬಿಡೋಣವೆಂದು ಬಾಯಿ ತೆಗೆದೆ. "ಅಕ್ಕಾ, ನೀವು ಸುಮ್ಕಿರಿ" ಎಂದು ತಡೆದರು. ಎಷ್ಟು ಹೊತ್ತು ಕಾದೆವೋ... ಲವಂಗದ ಖಾರಕ್ಕೋ ಏನೋ, ಕೊನೆಗೆ ಇರುವೆ ಮಾತಾಡಿದಷ್ಟು ಸಣ್ಣಗೆ ಕೇಳಿಸಿತು.

"ರೈಟ್."

"ಬದುಕ್ತಪ್ಪ ನನ್ನಾಲು!" ಎಂದ ಕ್ಯಾನಿನವನು. ಯುಗಾದಿ ಹೊತ್ತಿಗೆ ಅವಳ ರೈಟಿಗೆ ಬೀದಿ ನಾಯಿಗಳು ಎದ್ದು ಓಡುತ್ತಿದ್ದವು. ಸ್ಕೂಲು ಬಿಡಿಸುವ ಮಾತನ್ನು ಟೀಚರ್ ಮತ್ತೆ ಎತ್ತಲಿಲ್ಲ.

ನಿನ್ನೆ ಆ ಚೀನಾದವರಲ್ಲೂ ಒಬ್ಬ ಹೆಂಗಸು ಬಾಯಿ ಬಿಡಲೊಲ್ಲಳು. ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿ ಕೈಕಟ್ಟಿ ಕೂತಳು.

"ಏನಂದ್ಯವ್ವ ಅವ್ಳಿಗೆ?" ಬಾಗಿಲಲ್ಲೇ ನಿಂತು ಪಿಸುಗುಟ್ಟಿದೆ.

"ನೀವು ರೈಟ್ ಅನ್ನೋಗಂಟ ಬಸ್ಸು ಹೊರಡಲ್ಲ ಅಂದೆ ಅಜ್ಜಿ."

ಕಂಡಕ್ಟರಣ್ಣ ತೀರಿಕೊಂಡು ಮೂರು ವರ್ಷವಾಯಿತು. ಇದನ್ನು ಓಡಿಹೋಗಿ ಹೇಳೋಣವೆಂದರೆ ಅವರಿಲ್ಲ... ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಾನೂ ಕಾದೆ. ಬಹಳ ಹೊತ್ತಾದ ಮೇಲೆ ಕಂಪ್ಯೂಟರಿನೊಳಗಿಂದ ಸಣ್ಣಗೆ ಬಂತು, "ರೈಟ್."

ಅಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿ ಚೆಲ್ಲಿತ್ತು. ಚೆಲ್ಲಲಿ ಬಿಡಿ!