ಮೀಟರ್ ಮ್ಯೂರಿಗನ ಮೊಣಕಾಲು

ಬ್ರಿನ್‌ಗ್ಲಾಸ್ ಊರಿನಲ್ಲಿ ಅರ್ಧಕ್ಕರ್ಧ ಜನ ಜೋನ್ಸ್‌ಗಳು; ಉಳಿದರ್ಧ ಜೋನ್ಸ್‌ಗಳನ್ನು ಮದುವೆಯಾದವರು. ಹೀಗಾಗಿ ಮನುಷ್ಯನನ್ನು ಅವನ ಕಸುಬು ಹಿಡಿದೇ ಕರೆಯಬೇಕು. ಮನೆಮನೆಯ ಕರೆಂಟ್ ಮೀಟರು ಓದುತ್ತಿದ್ದ ಮ್ಯೂರಿಗ್ ಜೋನ್ಸ್ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೂ ಮೀಟರ್ ಮ್ಯೂರಿಗನೇ. ಅವನ ಜೀವದ ಗೆಳೆಯ, ಮಾಂಸದಂಗಡಿಯ ಗೊರೊನ್ವಿ ಜೋನ್ಸ್, ಸತ್ತು ಎರಡು ದಿನವಾದರೂ ಎಲ್ಲರ ಬಾಯಲ್ಲಿ ಮಟನ್ ಗೊರೊನ್ವಿಯೇ.

ಗೊರೊನ್ವಿಯ ಹೆಂಡತಿ ಎಲುನೆಡ್ ಹೇಳಿಕಳಿಸಿದಾಗ, ಶವಪೆಟ್ಟಿಗೆಗೆ ಹೆಗಲು ಕೊಡಲು ಇರಬೇಕು ಎಂದುಕೊಂಡು ಮ್ಯೂರಿಗ್ ಹೋದ. ಹೆಗಲಾದರೆ ಕೊಡಬಹುದಿತ್ತು. ಅವನ ದೇಹದಲ್ಲಿ ಯಾವ ಸುಳ್ಳಿಗೂ ಸಿಕ್ಕದೆ ಉಳಿದಿದ್ದ ಭಾಗ ಅದು.

ಎಲುನೆಡ್ ಚಹಾ ಬಸಿದು ಮುಂದಿಟ್ಟಳು. "ಗುರುವಾರ ಮಣ್ಣು. ನೀನು ದೊಡ್ಡಮ್ಮನ ಓಡಿಸ್ಬೇಕು ಮ್ಯೂರಿಗ್."

ಮ್ಯೂರಿಗನ ಗಂಟಲಲ್ಲಿ ಚಹಾ ದಾರಿ ತಪ್ಪಿತು.

ದೊಡ್ಡಮ್ಮ ಎಂದರೆ ಗೊರೊನ್ವಿಯ ಮೋಟಾರ್‌ಸೈಕಲ್. ಅವರಿಬ್ಬರೂ ಹುಟ್ಟಿದ ಕಾಲದ ಕಡುಹಸಿರು ಗಾಡಿ. ಹೊರಡುವ ಮುಂಚೆ ಬಹಳ ಸಮಾಧಾನ ಮಾಡಬೇಕು, ಹೊರಟ ಮೇಲೆ ಬಾಯಿ ಮುಚ್ಚುವುದಿಲ್ಲ. ಅದಕ್ಕೇ ಆ ಹೆಸರು.

"ನಾನಾ? ನನ್ನ ಮೊಣಕಾಲು..." ಎಂದ ಮ್ಯೂರಿಗ್.

"ಅದನ್ನೇ ನಾನೂ ಕೇಳ್ದೆ. ಆಸ್ಪತ್ರೇಲಿ ಮಲಗಿದ್ದಾಗ ಹೇಳ್ತಿದ್ರು, ನನ್ನ ಹಿಂದೆ ದೊಡ್ಡಮ್ಮ ಬರ್ಬೇಕು, ಮ್ಯೂರಿಗನೇ ತರ್ಬೇಕು ಅಂತ. ಅಯ್ಯೋ ಅವನ ಮೊಣಕಾಲು ಅಂದೆ. ನಕ್ಕುಬಿಟ್ರು. ಅವತ್ತೊಂದು ದಿನ ಅದು ವಾಸಿಯಾಗುತ್ತೆ ಬಿಡೇ ಅಂದ್ರು."

ಮ್ಯೂರಿಗ್ ಬಟ್ಟಲು ಕೆಳಗಿಟ್ಟ. ಗೊರೊನ್ವಿಗೆ ಗೊತ್ತಿತ್ತು.

ಗೊತ್ತಿದ್ದದ್ದು ಇಷ್ಟು. ಎಂಟೊಂಬತ್ತು ವರ್ಷದ ಹಿಂದೆ ಒಂದು ಭಾನುವಾರ ಇಬ್ಬರೂ ತಮ್ಮ ತಮ್ಮ ಮೋಟಾರ್‌ಸೈಕಲ್ ಮೇಲೆ ಹೋಗುವಾಗ, ಘಟ್ಟದ ತಿರುವಿನಲ್ಲಿ ರಸ್ತೆಯ ನಟ್ಟನಡುವೆ ಒಂದು ಕುರಿ ನಿಂತಿತ್ತು. ಮ್ಯೂರಿಗ್ ಬ್ರೇಕು ಒತ್ತಿದ. ಗಾಡಿ ಕುರಿಯ ಮೂತಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅಷ್ಟೇ. ಯಾರಿಗೂ ಗಾಯವಾಗಲಿಲ್ಲ, ಗಾಡಿಯ ಬಣ್ಣ ಕೂಡ ಕೆರೆದುಹೋಗಲಿಲ್ಲ. ಕುರಿ ಮೆಲುಕು ಹಾಕುತ್ತ ಅವನನ್ನು ಒಂದಿಷ್ಟು ಹೊತ್ತು ನೋಡಿ, ಈ ಮನುಷ್ಯನಲ್ಲಿ ಹೆಚ್ಚೇನೂ ಇಲ್ಲವೆಂದು ತೀರ್ಮಾನಿಸಿ ಹುಲ್ಲಿಗಿಳಿಯಿತು. ಮ್ಯೂರಿಗನಿಗೂ ಅದೇ ತೀರ್ಮಾನ ಬಂದುಬಿಟ್ಟಿತು. ಇಳಿದು ರಸ್ತೆಯ ಅಂಚಿನಲ್ಲಿ ಕೂತುಬಿಟ್ಟ. ಮುಂದೆ ಹೋಗಿದ್ದ ಗೊರೊನ್ವಿ ತಿರುಗಿ ಬಂದು "ಏನಾಯ್ತೋ?" ಎಂದಾಗ, ಹೆದರಿಕೆ ಎನ್ನಬೇಕಿದ್ದ ಬಾಯಿಗೆ ಬೇರೆ ಮಾತು ಬಂತು. "ಮೊಣಕಾಲು."

ಆ ಒಂದು ಮಾತಿನ ಮೇಲೆ ಅವನು ಇಷ್ಟು ವರ್ಷ ಸಂಸಾರ ಮಾಡಿದ್ದ. ಗಾಡಿ ಮಾರಿದ. ಕುಂಟಲು ಕಲಿತ. ಹೆಂಡತಿ ನೆಸ್ಟಾ ಪ್ರತಿ ಸಂಜೆ ಮೊಣಕಾಲಿಗೆ ಮುಲಾಮು ತಿಕ್ಕಿದಳು. ಬಲಗಾಲು ಕೆಟ್ಟದ್ದು ಎಂದು ನಿಗದಿಯಾಗಿತ್ತು. ಆದರೆ ಅವಸರದಲ್ಲಿರುವ ಮನುಷ್ಯನಿಗೆ ಇಂಥದ್ದೆಲ್ಲ ನೆನಪಿರುತ್ತದೆಯೇ? ಕೆಲವೊಮ್ಮೆ ಎಡಗಾಲು ಕುಂಟುತ್ತಿತ್ತು. ಅಂಗಡಿಯ ಬಾಗಿಲಲ್ಲಿ ಚಾಕು ಮಸೆಯುತ್ತ ನಿಂತ ಗೊರೊನ್ವಿ ರಸ್ತೆಯಾಚೆಯಿಂದ ಕೂಗುತ್ತಿದ್ದ: "ಇವತ್ತು ಯಾವ ಕಾಲಪ್ಪಾ?" ಎಂಥ ಕರುಣೆ ಇವನದು ಎಂದು ಮ್ಯೂರಿಗ್ ಇಷ್ಟು ದಿನವೂ ಅಂದುಕೊಂಡಿದ್ದ.

"ಓಡಿಸ್ತೀಯಲ್ಲ?" ಎಂದಳು ಎಲುನೆಡ್. ಅವಳ ಕಣ್ಣಿನ ಸುತ್ತ ಊದಿಕೊಂಡಿತ್ತು. ಆ ಮುಖ ನೋಡಿ ಇಲ್ಲ ಎನ್ನುವವನು ಬ್ರಿನ್‌ಗ್ಲಾಸಿನಲ್ಲಿ ಬದುಕುವ ಹಾಗಿಲ್ಲ.

"ಓಡಿಸ್ತೀನಿ," ಎಂದಿತು ಮ್ಯೂರಿಗನ ಬಾಯಿ, ಮತ್ತೊಮ್ಮೆ ಅವನನ್ನು ಕೇಳದೆ.

ಮೋಟಾರ್‌ಸೈಕಲ್ ವೇಗವಾಗಿ ಓಡಿಸುವುದು ಕಷ್ಟ ಎಂದು ತಿಳಿದವರು ಅದನ್ನು ಎಂದೂ ಓಡಿಸಿದವರಲ್ಲ. ವೇಗದಲ್ಲಿ ಅದು ತಾನೇ ನಿಂತುಕೊಳ್ಳುತ್ತದೆ. ಕಷ್ಟವಿರುವುದು ನಿಧಾನದಲ್ಲಿ, ಅದರಲ್ಲೂ ಶವದ ಹಿಂದೆ ಹೋಗುವ ನಿಧಾನದಲ್ಲಿ. ಆಗ ಗಾಡಿಯ ಪೂರ್ತಿ ತೂಕ ಎಡಕ್ಕೆ ಬೀಳಲೋ ಬಲಕ್ಕೆ ಬೀಳಲೋ ಎಂದು ಪ್ರತಿ ಗಜಕ್ಕೂ ಕೇಳುತ್ತದೆ. ಇದು ಸಾಲದೆಂಬಂತೆ ದೊಡ್ಡಮ್ಮ ಹಳೆಯ ಕಾಲದವಳು: ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮ್ಯೂರಿಗ್ ಮಾರಿದ ಜಪಾನಿ ಗಾಡಿಯಲ್ಲಿ ಎಲ್ಲವೂ ತಿರುವುಮುರುವು. ದೊಡ್ಡಮ್ಮನ ಮೇಲೆ ಏರಿನಲ್ಲಿ ನಿಂತರೆ ಎಡಗಾಲು ಬ್ರೇಕಿನ ಮೇಲಿರಬೇಕು, ನೆಲಕ್ಕೆ ಊರಬೇಕಾದ್ದು ಬಲಗಾಲು. ಅಂದರೆ, ಇಡೀ ಊರು ಕೆಟ್ಟದ್ದೆಂದು ನಂಬಿರುವ ಕಾಲು.

ಬುಧವಾರ ಬೆಳಿಗ್ಗೆ ರಗ್ಬಿ ಮೈದಾನದ ಹಿಂದಿನ ಬಯಲಿನಲ್ಲಿ ಅಭ್ಯಾಸ ನಡೆಯಿತು. ಶವದ ಗಾಡಿಯ ಮುಂದೆ ಬೆತ್ತ ಹಿಡಿದು ನಡೆಯುವ ಶವಸಂಸ್ಕಾರದವರ ಪಾತ್ರಕ್ಕೆ ನೆಸ್ಟಾ. ಅವಳು ರಬ್ಬರ್ ಬೂಟು ಹಾಕಿ, ಕೈಯಲ್ಲಿ ಛತ್ರಿ ಹಿಡಿದು, ಭಾರೀ ದುಃಖದ ಮುಖ ಮಾಡಿಕೊಂಡು ಹೆಜ್ಜೆ ಹಾಕಿದಳು. ಮ್ಯೂರಿಗ್ ಹಿಂದಿನಿಂದ ಗುಡುಗುಡು ಎನ್ನುತ್ತ ಬಂದ.

"ಇನ್ನೂ ನಿಧಾನ ಕಣ್ರೀ! ನಾನು ಹೆಣದ ಮುಂದೆ ಹೋಗ್ತಿದೀನಿ, ಬಸ್ಸಿಗಲ್ಲ!"

"ಇದಕ್ಕಿಂತ ನಿಧಾನ ಆಗಲ್ವೇ, ಬಿದ್ದೋಗುತ್ತೆ!"

"ಹಾಗಾದ್ರೆ ನಿಲ್ಸಿ! ಈಗ ನಿಲ್ಲೋದು!"

ಮ್ಯೂರಿಗ್ ಬಲಗಾಲಿನಿಂದ ಬ್ರೇಕು ಒತ್ತಿದ. ಬಲಗಾಲಿನ ಕೆಳಗಿದ್ದದ್ದು ಗೇರು. ದೊಡ್ಡಮ್ಮ ನಿಲ್ಲುವ ಬದಲು ಗೇರು ಬದಲಿಸಿಕೊಂಡು ಮುಂದಕ್ಕೇ ಬಂದಳು. ಶವಸಂಸ್ಕಾರದ ಗಂಭೀರ ಮೂರ್ತಿ ಛತ್ರಿ ಬಿಸಾಡಿ ಪಕ್ಕದ ಮುಳ್ಳುಪೊದೆಗೆ ಹಾರಿತು.

ಗಾಡಿ ಪೊದೆಯ ಆಚೆ ಮಗ್ಗುಲಾಗಿ ಮಲಗಿತು, ಮ್ಯೂರಿಗ್ ಅದರ ಪಕ್ಕದಲ್ಲಿ. ನೆಸ್ಟಾ ಮುಳ್ಳು ಕಿತ್ತುಕೊಳ್ಳುತ್ತ ಬಂದು ನೋಡಿದಳು.

"ಮೊಣಕಾಲಿಗೆ ಏಟಾಯ್ತಾ?"

"ಇಲ್ಲ."

"ಸದ್ಯ, ಅದೊಂದು ಕಡಿಮೆ ಇತ್ತು," ಎಂದಳು. ಆಮೇಲೆ ಅವಳು ಗಾಡಿಯನ್ನು ಎತ್ತಲು ಕೈಜೋಡಿಸಿದಾಗ ಮ್ಯೂರಿಗನ ಕೆನ್ನೆ ಒದ್ದೆಯಾಗಿರುವುದನ್ನು ಕಂಡು, ಛತ್ರಿ ಹೆಕ್ಕಿಕೊಂಡು ಮತ್ತೆ ಮುಂದೆ ನಡೆದಳು. ಅವನು ಇನ್ನೂ ಮೂರು ಸಲ ಬಿದ್ದ.

ಮಧ್ಯಾಹ್ನ ಮ್ಯೂರಿಗ್ ಮಾನಬಿಟ್ಟು ಶವಸಂಸ್ಕಾರದ ಪ್ಯೂ ಅವರ ಬಳಿಗೆ ಹೋದ. ಹೇಡನ್ ಪ್ಯೂ ಎತ್ತರದ ಕಪ್ಪು ಟೋಪಿ ಹಾಕಿ, ಬೆಳ್ಳಿಹಿಡಿಯ ಬೆತ್ತ ಹಿಡಿದು, ಪ್ರಾರ್ಥನಾ ಮಂದಿರದಿಂದ ಗುಡ್ಡದ ಮೇಲಿನ ಸ್ಮಶಾನದವರೆಗೆ ಶವದ ಮುಂದೆ ಪೂರಾ ನಡೆಯುವವರು. ಬೇರೆ ಊರುಗಳಲ್ಲಿ ನಾಲ್ಕು ಹೆಜ್ಜೆ ನಡೆದು ಕಾರು ಹತ್ತುತ್ತಾರೆ; ಪ್ಯೂ ಅವರಿಗೆ ಅದು ಮೋಸವೆನಿಸುತ್ತಿತ್ತು. ಅವರ ಸೊಂಟ ಹಳತಾದಂತೆ ಊರಿನ ಶವಯಾತ್ರೆಗಳೂ ಉದ್ದವಾಗುತ್ತಿದ್ದವು.

"ಪ್ಯೂ ಅವರೇ, ನಾಳೆ... ಸ್ವಲ್ಪ ಬೇಗ ನಡೀತೀರಾ?"

ಪ್ಯೂ ಅವರು ಕನ್ನಡಕದ ಮೇಲಿನಿಂದ ನೋಡಿದರು. "ನಮ್ಮಪ್ಪ ಈ ಕೆಲಸ ಮಾಡಿದ್ರು, ನಾನು ಮಾಡ್ತಿದೀನಿ. ಹೆಣದ ಕಡೆಯವರು ಬೇಗ ಹೋಗಿ ಅಂತ ಕೇಳಿದ್ದು ಇದೇ ಮೊದಲು. ಅವನ ಆಸ್ತಿ ಏನಾದ್ರೂ ನಿನಗೆ ಬರುತ್ತೇನಯ್ಯಾ?"

"ಅಯ್ಯೋ ಅದಲ್ಲ! ನಿಧಾನಕ್ಕೆ ಹೋದ್ರೆ ನಾನು ಬಿದ್ದೋಗ್ತೀನಿ. ಹಿಂದೆ ಎಲುನೆಡ್ ಕಾರು ಬೇರೆ."

"ನನ್ನ ಸೊಂಟಕ್ಕೆ ಇದ್ದದ್ದೇ ಇಷ್ಟು ವೇಗ." ಪ್ಯೂ ಅವರು ಟೋಪಿಯ ಧೂಳು ಒರೆಸಿದರು. "ಅಂಗಡಿ ಮುಂದೆ ನಿಲ್ಲೋದನ್ನ ಬೇಕಾದ್ರೆ ಚುಟುಕಾಗಿ ಮುಗಿಸ್ತೀನಿ."

ಅಂಗಡಿಯ ಮುಂದೆ ನಿಲ್ಲುವುದು! ಮ್ಯೂರಿಗ್ ಅದನ್ನು ಮರೆತೇಬಿಟ್ಟಿದ್ದ. ಸತ್ತವರ ಹೊಸ್ತಿಲ ಮುಂದೆ ಶವದ ಗಾಡಿ ಒಂದು ಗಳಿಗೆ ನಿಲ್ಲಬೇಕು. ಊರಲ್ಲಿ ಎಲ್ಲರಿಗೂ ಆ ಮರ್ಯಾದೆ ಉಂಟು. ಗೊರೊನ್ವಿಯ ಅಂಗಡಿ ಇರುವುದು ಬೀದಿಯ ಅತಿ ಕಡಿದಾದ ಜಾಗದಲ್ಲಿ. ಅಲ್ಲಿ ಚೆಲ್ಲಿದ ಬಟಾಣಿ ಕೆಳಗೆ ಮಂದಿರದ ಬಾಗಿಲಲ್ಲಿ ಸಿಗುತ್ತದೆ.

ಗುರುವಾರ ಮಂದಿರದಲ್ಲಿ ಹಾಡು ಮುಗಿಯಿತು. ಹೊರಗೆ ಶವಯಾತ್ರೆಯ ಹಿಂದೆ ನಲವತ್ತಕ್ಕೂ ಹೆಚ್ಚು ಮೋಟಾರ್‌ಸೈಕಲ್‌ಗಳು. ಗೊರೊನ್ವಿ ಪ್ರತಿ ಭಾನುವಾರ ಜೊತೆಗೆ ಓಡಿಸುತ್ತಿದ್ದ ಸುತ್ತಲ ಊರುಗಳ ಜನ. ಅವರೆಲ್ಲ ಮ್ಯೂರಿಗನ ಹೆಗಲು ತಟ್ಟಿ "ಬಂದೆಯಲ್ಲ ಮಾರಾಯ" ಎಂದರು. ಪ್ರತಿ ತಟ್ಟಿಗೂ ಅವನು ಒಂದಿಂಚು ಕುಗ್ಗಿದ. ಮುಂದೆ ಕಪ್ಪು ಟೋಪಿ, ಅದರ ಹಿಂದೆ ಶವದ ಗಾಡಿ, ಗಾಜಿನೊಳಗೆ ಗೊರೊನ್ವಿ, ಆಮೇಲೆ ದೊಡ್ಡಮ್ಮ, ಅದರ ಬೆನ್ನಿಗೆ ಎಲುನೆಡಳ ಕಾರು. ಹಿಂದಕ್ಕೆ ಜಾರಿದರೆ ನೇರ ವಿಧವೆಯ ಮಡಿಲಿಗೆ.

ಟೋಪಿ ಹೊರಟಿತು.

ಇಂಥ ನಿಧಾನವನ್ನು ಮ್ಯೂರಿಗ್ ಕನಸಿನಲ್ಲೂ ಕಂಡಿರಲಿಲ್ಲ. ಕ್ಲಚ್ಚು ಹಿಡಿದ ಎಡಗೈ ಮರಗಟ್ಟಿತು. ಗಾಡಿ ಎಡಕ್ಕೆ ವಾಲಿತು, ಎಳೆದುಕೊಂಡ. ಬಲಕ್ಕೆ ವಾಲಿತು, ಎಳೆದುಕೊಂಡ. ಬೀದಿಯ ಎರಡೂ ಕಡೆ ಜನ ತಲೆ ಬಾಗಿಸಿ ನಿಂತಿದ್ದರು. ಯಾರೂ ತಲೆಯೆತ್ತದಿರಲಿ ದೇವರೇ ಎಂದು ಬೇಡಿದ. ಬೆವರು ಕಣ್ಣಿಗಿಳಿಯಿತು, ಒರೆಸಲು ಕೈ ಬಿಡುವ ಹಾಗಿಲ್ಲ. ಬ್ರೇಕು ಎಡ, ಗೇರು ಬಲ. ಬ್ರೇಕು ಎಡ, ಗೇರು ಬಲ. ಮಂದಿರದಲ್ಲಿ ಹೇಳಬೇಕಿದ್ದ ಪ್ರಾರ್ಥನೆಗಿಂತ ಹೆಚ್ಚು ಭಕ್ತಿಯಿಂದ ಇದನ್ನು ಜಪಿಸಿದ. ಗಾಜಿನಾಚೆಗಿನ ಪೆಟ್ಟಿಗೆಯನ್ನು ನೋಡಿ ಒಳಗೊಳಗೇ ಬೈದ. ನೀನು ಆರಾಮಾಗಿ ಮಲಗಿದೀಯ ಕಣೋ.

ಅಂಗಡಿ ಬಂತು. ಬಾಗಿಲಿಗೆ ಕಪ್ಪು ಬಟ್ಟೆ. ಟೋಪಿ ನಿಂತಿತು, ಶವದ ಗಾಡಿ ನಿಂತಿತು. ಮ್ಯೂರಿಗ್ ಎಡಗಾಲಿನಿಂದ ಬ್ರೇಕು ಒತ್ತಿದ, ಸರಿಯಾಗಿ ಎಡಗಾಲಿನಿಂದಲೇ! ಬಲಗಾಲು ನೆಲಕ್ಕೆ ಊರಿದ. ದೊಡ್ಡಮ್ಮನ ತೂಕವೆಲ್ಲ ಆ ಕಾಲಿನ ಮೇಲೆ ಬಂತು. ಇಷ್ಟು ವರ್ಷ ಯಾವ ಕೆಲಸವನ್ನೂ ಮಾಡದೆ ಮುಲಾಮು ತಿಂದು ಕೊಬ್ಬಿದ ಕಾಲು ಗಡಗಡ ನಡುಗಿತು. ಆದರೂ ನಿಂತಿತು.

ಪ್ಯೂ ಅವರು ಮಾತು ಕೊಟ್ಟಂತೆ ಚುಟುಕಾಗಿ ಟೋಪಿ ತೆಗೆದರು. ಅಂಗಡಿಯ ಕಡೆ ತಲೆಬಾಗಿಸಿದರು. ಬಾಗಿಸಿದ ತಲೆ ಮೇಲೇಳಲಿಲ್ಲ. ಗೊರೊನ್ವಿ ವರ್ಷ ವರ್ಷ ಕ್ರಿಸ್‌ಮಸ್‌ಗೆ ಆರಿಸಿಟ್ಟು ಕೊಡುತ್ತಿದ್ದ ಹಂದಿಯ ತೊಡೆ ನೆನಪಾಯಿತೋ ಏನೋ, ಅವರ ಹೆಗಲು ಕುಲುಕತೊಡಗಿತು.

ಸಾಕು ಮಾಡ್ರಪ್ಪಾ, ಎಂದು ಮ್ಯೂರಿಗನ ಒಳಗೆಲ್ಲ ಕೂಗಿತು. ತೊಡೆ ಉರಿಯಿತು. ಕಾಲ ಬುಡದಿಂದ ಬಿಸಿ ಆವಿ ಮೇಲೇರಿತು. ಇಷ್ಟು ನಿಧಾನದಲ್ಲಿ ಗಾಳಿಯಿಲ್ಲದೆ ದೊಡ್ಡಮ್ಮ ಕುದಿಯುತ್ತಿದ್ದಳು. ಅವಳು ಒಂದು ಸಲ ಕೆಮ್ಮಿದಳು. ಇನ್ನೊಂದು ಸಲ ಕೆಮ್ಮಿದಳು. ಆಮೇಲೆ ಹುಟ್ಟಿದಾರಭ್ಯ ಮುಚ್ಚದ ಬಾಯಿ ಮುಚ್ಚಿದಳು.

ಪ್ಯೂ ಅವರು ಕಣ್ಣೊರೆಸಿಕೊಂಡು ಹೊರಟರು. ಶವದ ಗಾಡಿ ಹೊರಟಿತು.

ಮ್ಯೂರಿಗ್ ಒದ್ದ. ಕಿಕ್ಕರ್ ಕೆಳಗೆ ಹೋಗಿ ಮೇಲೆ ಬಂತು, ಅಷ್ಟೇ. ಮತ್ತೆ ಒದ್ದ. ಕಾದ ಇಂಜಿನ್ನು ಆರುವವರೆಗೆ ಅವಳು ಹೊರಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒದ್ದ. ಪೆಟ್ಟಿಗೆ ದೂರವಾಗುತ್ತಿತ್ತು. ಹಿಂದೆ ನಲವತ್ತು ಗಾಡಿಗಳು ಕಾಯುತ್ತಿದ್ದವು, ಒಂದೂ ಹಾರ್ನ್ ಮಾಡಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಹೋಗ್ತಾ ಇದಾನೆ," ಎಂದ ಮ್ಯೂರಿಗ್ ಜೋರಾಗಿ, ಯಾರಿಗೋ. "ನನ್ನ ಬಿಟ್ಟು ಹೋಗ್ತಾ ಇದಾನೆ."

ಕಾರಿನ ಬಾಗಿಲು ತೆರೆದ ಸದ್ದಾಯಿತು. ಎಲುನೆಡ್ ಇಳಿದು ಬಂದಳು. ಎತ್ತರದ ಹಿಮ್ಮಡಿಯ ಷೂ ಕಳಚಿ ಅಂಗಡಿಯ ಮೆಟ್ಟಿಲ ಮೇಲಿಟ್ಟಳು.

"ಇಳಿಯೋ," ಎಂದಳು. "ನೀನು ಹ್ಯಾಂಡಲ್ ಹಿಡಿ. ಹಿಂದಿನಿಂದ ನಾನು ತಳ್ತೀನಿ. ಈ ಮುದುಕೀನ ಎಷ್ಟು ಸಲ ತಳ್ಳಿಲ್ಲ ನಾನು!"

"ಎಲುನೆಡ್, ನಿನ್ನ ಬಟ್ಟೆ..."

"ಬಟ್ಟೆ ಕಪ್ಪೇ ಇದೆ. ತಳ್ಳು."

ತಳ್ಳಿದರು. ಮುಂದೆ ಮ್ಯೂರಿಗ್, ಹಿಂದೆ ಕಾಲುಚೀಲದಲ್ಲಿ ವಿಧವೆ. ಮಂದಿಯ ನಡುವಿನಿಂದ ನೆಸ್ಟಾ ಬಂದು ಇನ್ನೊಂದು ಕಡೆ ಕೈಹಚ್ಚಿದಳು. ಅದರ ತೂಕವೋ ತೂಕ! ಪ್ಯೂ ಅವರು ತಿರುಗಿ ನೋಡಿ, ಅಪ್ಪನ ಕಾಲದಿಂದ ಯಾರಿಗೂ ನಿಲ್ಲದವರು, ನಿಂತರು. ಏದುಸಿರು ಬಿಡುತ್ತ ಮೂವರೂ ಶವದ ಗಾಡಿಯನ್ನು ಮುಟ್ಟಿದಾಗ ಮ್ಯೂರಿಗನಿಗೆ ಮೇಲಿನ ಸ್ಮಶಾನದ ಗೇಟು ಮಾತ್ರ ಕಾಣುತ್ತಿತ್ತು. ತಾನು ಕುಂಟುತ್ತಿಲ್ಲ ಎಂಬುದನ್ನು ಊರೆಲ್ಲ ನೋಡುತ್ತಿದೆ ಎಂದು ಹೊಳೆದದ್ದು ಗೇಟಿನಲ್ಲಿ. ಆಗ ಬಹಳ ತಡವಾಗಿತ್ತು.

ನೆಸ್ಟಾ ಅವನ ಕಾಲುಗಳನ್ನೇ ನೋಡುತ್ತಿದ್ದಳು. "ಮುಲಾಮು ಇನ್ನು ತರೋದು ಬೇಡ ಅಂತಾಯ್ತು," ಎಂದಳು ಮೆಲ್ಲಗೆ, ಮುಖ ಬೇರೆ ಕಡೆ ತಿರುಗಿಸಿ.

ಮಣ್ಣು ಹಾಕಿದ್ದಾಯಿತು. ಮೋಟಾರ್‌ಸೈಕಲ್‌ಗಳೂ ಜನರೂ ಚಹಾ ಮತ್ತು ಹ್ಯಾಮ್ ಸ್ಯಾಂಡ್‌ವಿಚ್ ಇದ್ದ ಸಭಾಂಗಣಕ್ಕೆ ಇಳಿದರು. ಎಲುನೆಡ್ ಹೋಗುವಾಗ "ಗಾಡಿ ಶೆಡ್ಡಿಗೆ ಬಿಟ್ಟು ಬಾ" ಎಂದಷ್ಟೇ ಹೇಳಿದಳು. ಗೇಟಿನ ಬಳಿ ಉಳಿದವರು ಇಬ್ಬರು, ಅವನು ಮತ್ತು ದೊಡ್ಡಮ್ಮ. ತಳ್ಳಿಕೊಂಡು ಇಳಿಸಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಅದೇ ಕಾರಣಕ್ಕೋ ಏನೋ, ಮ್ಯೂರಿಗ್ ಕಾಲು ಎತ್ತಿ ಒಂದು ಒದೆ ಕೊಟ್ಟ.

ಒಂದೇ ಒದೆಗೆ ಅವಳು ಹೊತ್ತಿಕೊಂಡಳು. ನೂರು ಜನರ ಮುಂದೆ ಮಾನ ಕಳೆದು, ಒಬ್ಬನೇ ಇದ್ದಾಗ!

ಹಿಂದಿನ ಬೀದಿಯಿಂದ ಇಳಿದ. ತಿರುವಿನಲ್ಲಿ ಅದೇ ಹಳೆಯ ಹೆದರಿಕೆ ಬಂತು. ರಸ್ತೆಯ ಅಂಚಿನಲ್ಲಿ ಒಂದು ಕುರಿ ಕೂಡ ಇತ್ತು, ಇಲ್ಲಿ ಯಾವಾಗಲೂ ಒಂದು ಇರುತ್ತದೆ. ಅದನ್ನು ದಾಟಿದ. ಮುಂದಿನ ಇಳಿಜಾರಿನಲ್ಲಿ ಗೇರು ತಾನಾಗಿ ಬಿತ್ತು, ಯಾವ ಕಾಲು ಎಂದು ಯೋಚಿಸಲಿಲ್ಲ. ಗಾಳಿ ಕೋಟಿನೊಳಗೆ ನುಗ್ಗಿತು. ಹೆದರಿಕೆ ಹೋಗಿರಲಿಲ್ಲ, ಅದನ್ನು ಕೂರಿಸಿಕೊಂಡೇ ಹೋಗಬಹುದಿತ್ತು ಎಂದು ಮಾತ್ರ ಗೊತ್ತಾಯಿತು. ಅದನ್ನು ಕೂರಿಸಿಕೊಂಡೇ ಇಷ್ಟೂ ಭಾನುವಾರ ಹೋಗಬಹುದಿತ್ತು.

ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ, ಒರೆಸಿ, ಬಾಗಿಲು ಹಾಕಿದ. ಇದನ್ನೆಲ್ಲ ಹೇಳಬೇಕು ಎನಿಸಿತು. ಪ್ಯೂ ಅವರ ಕುಲುಕುವ ಹೆಗಲು, ಎಲುನೆಡಳ ಕಾಲುಚೀಲ, ಕುರಿ. ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುವವನು ಒಬ್ಬನೇ ಇದ್ದ.

ಸಭಾಂಗಣದ ಕಡೆ ನಡೆಯುತ್ತ ಅಂಗಡಿಯ ಎದುರಿಗೆ ಬಂದಾಗ ಮ್ಯೂರಿಗನಿಗೆ ತಾನು ಕುಂಟುತ್ತಿರುವುದು ತಿಳಿಯಿತು. ಈ ಸಲ ನಿಜವಾಗಿಯೂ ನೋಯುತ್ತಿತ್ತು. ನಿಂತು ಕೆಳಗೆ ನೋಡಿದ. ಎಡಗಾಲು.

ಕಪ್ಪು ಬಟ್ಟೆ ಹಾಕಿದ ಬಾಗಿಲ ಕಡೆ ತಿರುಗಿ ಅವನು ಸ್ವಲ್ಪ ಹೊತ್ತು ಕಾದ. ಯಾವ ಕಾಲಪ್ಪಾ ಎಂದು ಯಾರೂ ಕೇಳಲಿಲ್ಲ.