ಅಕ್ಕನಿಗಾಗಿ ಇಳಿಸಿದ ಇಪ್ಪತ್ತೆರಡು ಕಿಲೋ

ಮೊದಲ ದಿನ ಅವನು ಬಂದದ್ದು ಲಿಫ್ಟ್ ರಿಪೇರಿಗೆ. ನೆಲಮಹಡಿಯ ಮನೆಯ ಅಜ್ಜಿ ಬಾಗಿಲು ತೆರೆದಾಗ, ನೂರಾ ಹನ್ನೆರಡು ಕಿಲೋದ ಆಳು ಕೈಯಲ್ಲಿ ಪುಟ್ಟ ಚೀಲ ಹಿಡಿದು ನಿಂತಿದ್ದ. ನಿಂತಲ್ಲೂ ಕಾಲು ಸುಮ್ಮನಿರಲಿಲ್ಲ.

"ಅಜ್ಜಿ, ಇದನ್ನ ಸ್ವಲ್ಪ ನಿಮ್ಮ ಫ್ರಿಜ್‌ನಲ್ಲಿ ಇಡ್ತೀರಾ? ಮೇಲೆ ಮೆಷಿನ್ ರೂಮು ಕಾದ ಬಾಣಲೆ ಆಗಿದೆ."

ಚೀಲದಲ್ಲಿದ್ದದ್ದು ಸೂಜಿಯ ಪೆನ್ನು. ಅಜ್ಜಿಗೆ ಓದುಬರಹ ಅಷ್ಟಕ್ಕಷ್ಟೆ, ಆದರೆ ತೀರಿಹೋದ ಗಂಡನಿಗೆ ಹದಿನೆಂಟು ವರ್ಷ ದಿನವೂ ಇನ್ಸುಲಿನ್ ಚುಚ್ಚಿದ ಕೈ ಅವಳದು.

"ಸಕ್ಕರೆ ಕಾಯಿಲೆಯೇನಪ್ಪಾ?"

"ಅಲ್ಲ, ತೂಕ ಇಳಿಸೋದು. ಡಾಕ್ಟ್ರು ಬರೆದುಕೊಟ್ಟು ಒಂಬತ್ತು ದಿನ ಆಯ್ತು. ಧೈರ್ಯ ಸಾಲದೆ ಹಿಡ್ಕೊಂಡು ತಿರುಗ್ತಿದ್ದೀನಿ."

"ಹನ್ನೆರಡು ಮಹಡಿ ಎತ್ತರದಲ್ಲಿ ನೇತಾಡೋವ್ನಿಗೆ ಕೂದಲೆಳೆಯಷ್ಟು ಸೂಜಿ ಭಯಾನಾ?"

"ಲಿಫ್ಟು ನನ್ನ ಚುಚ್ಚಲ್ವಲ್ಲ, ಅಜ್ಜಿ!"

ಅವನ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಬೆಳೆಸಿದವಳು ಅವಳೇ. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ತಮ್ಮನ ಕಿಡ್ನಿ ಅವಳಿಗೆ ಹೊಂದುತ್ತಿತ್ತು. ಆದರೆ ತೂಕ ತೊಂಬತ್ತಕ್ಕೆ ಇಳಿಯದೆ ಅವನ ಮೈಗೆ ಕತ್ತರಿ ಹಾಕುವುದಿಲ್ಲವೆಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು.

ತಾನೇ ಚುಚ್ಚಿಕೊಡುವೆನೆಂದು ಅಜ್ಜಿ ಕೈ ತೊಳೆದುಕೊಂಡಳು. ಅವನು ಗೋಡೆಯತ್ತ ಮುಖ ತಿರುಗಿಸಿದ. ಚುಚ್ಚಿ ಮುಗಿದ ಮೇಲೂ, "ಚುಚ್ಚಿ ಅಜ್ಜಿ, ಬೇಗ ಚುಚ್ಚಿ" ಎನ್ನುತ್ತಿದ್ದ.

ಅಂದಿನಿಂದ ಪ್ರತಿ ಬುಧವಾರ ಮನೆಯಿಂದ ಪೆನ್ನು ಹಿಡಿದು ಬಂದ. ಜೊತೆಯವರು ಅವನನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುವನು. ಎರಡನೆಯ ತಿಂಗಳಿಗೆ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಬುತ್ತಿ ಬಿಚ್ಚಿದರೆ ಹೊಟ್ಟೆ ತೊಳಸುತ್ತದೆ, ಮೂರು ತುತ್ತಿಗೆ ಗಂಟಲು ಸಾಕೆನ್ನುತ್ತದೆ ಎಂದು ಹೇಳಿಕೊಂಡ.

"ಮೊದಲೆಲ್ಲ ತಿಂಡಿ ತಿನ್ನೋವಾಗಲೇ ಮಧ್ಯಾಹ್ನದ ಊಟದ ಯೋಚನೆ. ಈಗ ಅದಿಲ್ಲ. ದಿನ ಇಷ್ಟು ಉದ್ದ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಜ್ಜಿ."

ತೊಂಬತ್ತಾರಕ್ಕೆ ಬಂದ ತೂಕ ಅಲ್ಲೇ ಪಟ್ಟು ಹಿಡಿದು ಕೂತಿತು. ಮೂರು ವಾರ ಕದಲಲಿಲ್ಲ. ಅತ್ತ ಅಕ್ಕ ದಿನದಿಂದ ದಿನಕ್ಕೆ ಬಾಡುತ್ತಿದ್ದಳು. ವಾರಕ್ಕೆ ಎರಡು ಸಲ ಚುಚ್ಚಿಬಿಡಿ ಎಂದು ಅವನು ದುಂಬಾಲು ಬಿದ್ದ. ಡಾಕ್ಟರು ಹೇಳಿದಷ್ಟೇ, ಒಂದು ಗೆರೆಯೂ ಹೆಚ್ಚಿಲ್ಲ ಎಂದಳು ಅಜ್ಜಿ.

ಮುಂದಿನ ಬುಧವಾರ ಬಂದವನ ಕಣ್ಣು ಗುಳಿ ಬಿದ್ದಿತ್ತು, ತುಟಿ ಒಡೆದಿತ್ತು. ಸೋಮವಾರದಿಂದ ವಾಂತಿ, ನೀರೂ ದಕ್ಕುತ್ತಿಲ್ಲ. ನಿನ್ನೆಯ ರಕ್ತಪರೀಕ್ಷೆಯಲ್ಲಿ ಅವನ ಕಿಡ್ನಿಯದೇ ಲೆಕ್ಕ ತಪ್ಪಿತ್ತು. ಇಂಥ ಕಿಡ್ನಿ ತೆಗೆಯುವುದು ಅನುಮಾನ ಎಂದಿದ್ದರಂತೆ.

"ಚುಚ್ಚಿ ಅಜ್ಜಿ, ತಡ ಆಗ್ತಿದೆ."

ಅಜ್ಜಿ ಪೆನ್ನಿನ ತಿರುಗಣೆ ತಿರುಗಿಸಿದಳು. ಒಳಗೆ ಮದ್ದು ಸಾಲದೆ ಅದು ನಡುವೆಯೇ ನಿಂತಿತು. ಒಂದು ಪೆನ್ನಿಗೆ ನಾಲ್ಕು ಬುಧವಾರ. ಕ್ಯಾಲೆಂಡರಿನಲ್ಲಿ ಈ ಪೆನ್ನಿಗೆ ಅವಳು ಇಟ್ಟ ಚುಕ್ಕಿ ಮೂರೇ.

"ಒಂದು ಸಲದ್ದು ಎಲ್ಲಿ ಹೋಯ್ತು?"

ಅವನು ನೆಲ ನೋಡಿದ. "ಭಾನುವಾರ ನಾನೇ ಚುಚ್ಕೊಂಡೆ. ಕಣ್ಣು ಮುಚ್ಕೊಂಡು."

"ಡಾಕ್ಟ್ರಿಗೆ ಹೇಳಿದ್ಯಾ?"

"ಹೇಳಿದ್ರೆ ಇವ್ನನ್ನ ನಂಬೋ ಹಾಗಿಲ್ಲ ಅಂತ ಹೊರಗೆ ಹಾಕ್ತಾರೆ."

"ಹೇಳ್ದೇ ಇದ್ರೆ ಕಿಡ್ನೀನೇ ಸರಿಯಿಲ್ಲ ಅಂತ ಹಾಕ್ತಾರೆ. ಹೆಂಗಿದ್ರೂ ಹೊರಗೇ ತಾನೆ? ನಿಜ ಹೇಳಿ ಹೋಗು. ನಡಿ, ನಾನೂ ಬರ್ತೀನಿ."

ಅವಳು ಸೀರೆಯನ್ನೂ ಬದಲಿಸಲಿಲ್ಲ. ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ಅವಳು ಕೂತಳು, ಅವನು ಅತ್ತಿಂದಿತ್ತ ನಡೆದ. ಒಳಗೆ ಎಲ್ಲವನ್ನೂ ಒಪ್ಪಿಕೊಂಡ. ಡಾಕ್ಟರಮ್ಮ ಹಿಗ್ಗಾಮುಗ್ಗಾ ಬೈದು, ಮೈಯಲ್ಲಿ ನೀರು ಬತ್ತಿ ಹೀಗಾಗಿರಬಹುದು ಎಂದರು. ಡ್ರಿಪ್ ಹಾಕಿಸಿದರು. ಸೂಜಿ ಸದ್ಯಕ್ಕೆ ಬಂದ್, ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಎಂದರು.

ಡಯಾಲಿಸಿಸ್ ಮುಗಿಸಿ ಬಂದ ಅಕ್ಕ ಮಂಚದ ಬಳಿ ನಿಂತು ಎಲ್ಲ ಕೇಳಿದಳು.

"ಚಿಕ್ಕವನಿದ್ದಾಗಿಂದ್ಲೂ ಎರಡೆರಡು ಸಲ ಬಡಿಸ್ಕೊಳ್ಳೋ ಚಾಳಿ ಕಣಮ್ಮಾ ಇವ್ನಿಗೆ. ಸೂಜೀನೂ ಬಿಡ್ಲಿಲ್ಲ ನೋಡಿ!" ಎಂದವಳು ನಗಲು ಹೋಗಿ, ಅವನ ಪಾದ ಹಿಡಿದುಕೊಂಡು ಅತ್ತಳು. "ನಂಗೆ ನಿನ್ನ ಕಿಡ್ನಿ ಬೇಡ ಕಣೋ."

"ಬೇಡ ಅನ್ನೋಕೆ ನೀನ್ಯಾರು?" ಎಂದ ಅವನು.

ತಿಂಗಳ ನಂತರ ಪರೀಕ್ಷೆ ಸರಿಹೋಯಿತು. ಡಾಕ್ಟರಮ್ಮ ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿಸಿದರು. ಪೆನ್ನು ಈ ಸಲ ಅಜ್ಜಿಯ ಫ್ರಿಜ್‌ನಲ್ಲೇ ಉಳಿಯಿತು. ಹದಿನಾಲ್ಕು ಬುಧವಾರ ಕಳೆದು ತಕ್ಕಡಿಯ ಮುಳ್ಳು ತೊಂಬತ್ತಕ್ಕೆ ಬಂತು. ಆಪರೇಷನ್‌ಗೆ ದಿನ ಗೊತ್ತಾಯಿತು. ಅದಕ್ಕೆ ಮೂರು ವಾರ ಮೊದಲೇ ಸೂಜಿ ನಿಲ್ಲಿಸಿದರು.

ಆಸ್ಪತ್ರೆಗೆ ಸೇರುವ ಹಿಂದಿನ ಮಧ್ಯಾಹ್ನ, ಚುಚ್ಚುವುದೇನೂ ಇಲ್ಲದಿದ್ದರೂ ಬಂದ. ಅಜ್ಜಿ ಆಗಷ್ಟೇ ಒಲೆ ಆರಿಸಿದ್ದಳು. ಅವನ ಮೂಗು ಅಡುಗೆಮನೆಯ ಕಡೆ ತಿರುಗಿತು. ಸೂಜಿ ನಿಂತದ್ದೇ ತಡ, ಹಳೆಯ ಹಸಿವು ಹೇಳದೆ ಕೇಳದೆ ವಾಪಸು ಬಂದಿದೆ, ನಾಲ್ಕು ದಿನದಿಂದ ಬರೀ ನೀರು ಕುಡಿದು ತಡೆದಿದ್ದೇನೆ ಎಂದ. ನಾಳೆ ಸೇರಿಸಿಕೊಳ್ಳುವಾಗ ಮತ್ತೆ ತೂಕ ನೋಡುತ್ತಾರೆ.

"ಮತ್ತೆ ಹಳೇ ಬುದ್ಧೀನಾ? ಉಪವಾಸ ಬಿದ್ದು ಮತ್ತೆ ಕಿಡ್ನಿ ಕೆಡಿಸ್ಕೋತೀಯಾ?" ಎಂದು ಗದರಿ, ಅಜ್ಜಿ ಅರ್ಧ ತಟ್ಟೆ ಬಡಿಸಿ ಅವನ ಮುಂದಿಟ್ಟಳು. ಅವನು ಕೈ ತೊಳೆದು ಬಂದ. ತಟ್ಟೆ ಮುಟ್ಟಲಿಲ್ಲ. ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಇಷ್ಟು ತಿಂದ್ರೆ ಎಷ್ಟು ಏರುತ್ತೆ, ಅಜ್ಜಿ?"