ಗಾಯರಾಣದ ಬೇಲಿಯೊಳಗೆ

ಝರಾಸಂಗಂ ಕಡೆಯ ನನ್ನ ಗಂಡನ ಊರಿನ ಗಾಯರಾಣದಲ್ಲಿ, ಅಂದರೆ ದನ ಮೇಯುವ ಗೋಮಾಳದಲ್ಲಿ, ಹುಲ್ಲು ಬೆಳೆಸುವ ಕೆಲಸಕ್ಕೆ ನಾನು ಸೇರಿದಾಗ ಅಲ್ಲಿ ಗರಸು ಕಲ್ಲು ಬಿಟ್ಟು ಬೇರೇನೂ ಇರಲಿಲ್ಲ. ದನಗಳು ಮೇದು ಮೇದು ನೆಲ ಬೋಳಾಗಿತ್ತು. ಸುತ್ತ ತಂತಿ ಬೇಲಿ ಹಾಕಿಸಿ, ಹಿಂದೆ ಅಲ್ಲೇ ಬೆಳೆಯುತ್ತಿದ್ದ ಅಂಜನ ಹುಲ್ಲಿನ ಬೀಜವನ್ನು ಮಣ್ಣು, ಸಗಣಿಯಲ್ಲಿ ಉಂಡೆ ಕಟ್ಟಿ ಮೊದಲ ಮಳೆಗೆ ಹಾಕಿದೆವು. ಒಮ್ಮೆ ಬೇರು ಹಿಡಿದರೆ ವರ್ಷವರ್ಷವೂ ತಾನೇ ಚಿಗುರುವ ಹುಲ್ಲು ಅದು. ಹಿಡಿಯುವವರೆಗೆ ಕಾಯಬೇಕು. ಕಾಯುವವಳು ನಾನು.

ನಮ್ಮ ಅತ್ತೆಯ ತಂಗಿ, ನನಗೆ ಸಣ್ಣತ್ತಿ, ಎಮ್ಮೆ ಸಾಕಿ ಹಾಲು ಹಾಕುತ್ತಿದ್ದರು. ಅವರ ಎಮ್ಮೆಗಳನ್ನೂ ನಾನೇ ಹೊರಗೆ ಅಟ್ಟಿದ್ದೆ. ಅಂದಿನಿಂದ ನನ್ನೊಡನೆ ಅವರ ಮಾತು ಕಡಿಮೆಯಾಯಿತು.

ಎರಡನೆಯ ವರ್ಷ ದಸರೆಯ ಹೊತ್ತಿಗೆ ಹುಲ್ಲು ಮೊಳಕಾಲು ಮುಟ್ಟಿತು. ಒಂದು ಬೆಳಿಗ್ಗೆ ಒಳಗೆಲ್ಲ ಸುತ್ತಾಡಿ ಗೇಟಿಗೆ ಬಂದರೆ ಹೊರಗಿನಿಂದ ಬೇರೊಂದು ಬೀಗ ಬಿದ್ದಿತ್ತು. ಸಣ್ಣತ್ತಿ, ಏಳೆಂಟು ಹೆಂಗಸರು ಅಲ್ಲೇ ಕುಳಿತಿದ್ದರು.

"ಕೀಲಿ ತೆಗೀರಿ ಸಣ್ಣತ್ತಿ."

"ಹುಲ್ಲು ಕಣ್ಣಿಗಿ ಕಾಣ್ತದ, ನಮ್ಮ ದನಕ್ಕ ಸಿಗಂಗಿಲ್ಲ. ಹ್ಯಾಂಗಿರ್ತದಂಬೋದು ನಿನಗೂ ತಿಳೀಲಿ. ಕೂಡು ಒಳಗ."

ನನ್ನನ್ನು ಕೆಲಸಕ್ಕೆ ಇಟ್ಟ ನಾರಾಯಣಖೇಡದ ಸಾಹೇಬರಿಗೆ ಫೋನ್ ಮಾಡಿದೆ. ಹೆಂಗಸರು ಹುಲ್ಲು ಕೇಳುತ್ತಿದ್ದಾರೆ ಎಂದೆನೇ ಹೊರತು ಸಿಕ್ಕಿಬಿದ್ದಿದ್ದೇನೆ ಎನ್ನಲು ನಾಚಿಕೆಯಾಯಿತು. "ಇನ್ನೊಂದು ವರ್ಷ ಯಾರನ್ನೂ ಬಿಡಬ್ಯಾಡ್ರಿ. ಬಿಟ್ರ ನಿಮ್ಮ ನೌಕರಿ ಇರಂಗಿಲ್ಲ" ಎಂದು ಇಟ್ಟರು.

ತಂತಿಯ ಕೆಳಗೆ ನುಸುಳಿ ಹೊರಬರಬಹುದಿತ್ತು. ಬಂದು ಹೋಗುವುದೆಲ್ಲಿಗೆ? ಅವರ ಮನೆ ದಾಟಿಯೇ ನಮ್ಮ ಮನೆ. ಅವರು ಹೇಳುವುದು ಸುಳ್ಳಲ್ಲ. ಈಗ ಎಮ್ಮೆ ನುಗ್ಗಿದರೆ ಹುಲ್ಲು ಬೇರುಸಹಿತ ಕಿತ್ತು ಬರುವುದೂ ಸುಳ್ಳಲ್ಲ. ನೆರಳಿಲ್ಲದ ಆ ಬಿಸಿಲಲ್ಲಿ ಇವೆರಡರ ನಡುವೆ ಕುಳಿತೇ ಇದ್ದೆ. ಮಧ್ಯಾಹ್ನ ಸಣ್ಣತ್ತಿಯೇ ತಂತಿಯ ಸಂದಿಯಿಂದ ನೀರಿನ ಬಾಟಲಿ ಚಾಚಿದರು.

ನೀರು ಕುಡಿದು ಒಂದು ತೆನೆ ಕಿತ್ತು ತೋರಿಸಿದೆ. "ಬೀಜ ಉದುರ್ಯಾವ ನೋಡ್ರಿ, ಇನ್ನ ಕೊಯ್ದರ ನಡೀತದ. ದನ ಬಿಡಬ್ಯಾಡ್ರಿ, ಕುಡಗೋಲಿಲೆ ಕೊಯ್ಕೊಂಡು ಒಯ್ಯಿರಿ. ಬುಡದಾಗ ಗೇಣು ಬಿಡ್ರಿ."

"ನಿಮ್ಮ ಸಾಹೇಬ?"

"ಅವರಿಗಿ ನಾ ಹೇಳ್ತೀನ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ಕೊಯ್ಯಬಹುದಂತ ಮೊದಲೇ ಯಾಕ ಹೇಳಲಿಲ್ಲ?"

"ಹೆದರಿಕಿ ಇತ್ರಿ."

ಸೆರಗಿನ ಗಂಟಿನಿಂದ ಕೀಲಿಕೈ ಬಿಚ್ಚಿ ಬೀಗ ತೆಗೆದರು. ಹದಿನೈದು ದಿನ ಹೆಂಗಸರು ಹೊರೆ ಹೊತ್ತರು, ಒಂದು ಬುಡವೂ ಕೀಳಲಿಲ್ಲ. ಆದರೆ ಸಾಹೇಬರಿಗೆ ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ಅವರೇ ಬಂದು ಕೊಯ್ದ ಬುಡ ನೋಡಿದರು. ಬೈಯಲಿಲ್ಲ, ನನ್ನನ್ನು ತಾಂಡೂರಿಗೆ ಹಾಕಿದರು.

ಇಲ್ಲಿ ಕಲ್ಲಿನ ಗಣಿಗಳ ಹಿಂದೆ ಇನ್ನೊಂದು ಗಾಯರಾಣ, ಇನ್ನೊಂದು ಬೇಲಿ. ಕೊಯ್ಯಲೂ ಬಿಡಬಾರದೆಂದು ಈ ಸಲ ಕಾಗದದಲ್ಲೇ ಬರೆದುಕೊಟ್ಟಿದ್ದಾರೆ. ಮುಂದಿನ ಮಳೆಗಾಲ ಕಳೆದ ಮೇಲೆ ಸಣ್ಣತ್ತಿ ಫೋನ್ ಮಾಡಿದ್ದರು.

"ಕೊಯ್ದಲ್ಲೇ ದಟ್ಟ ಬಂದದ. ಹೊಸ ಕಾವಲಿಯಂವ ಒಳಗ ಬಿಡ್ವಲ್ಲ. ನೀ ಒಂದು ಮಾತು ಹೇಳು."

ನನ್ನ ಮಾತು ನಡೆಯುವುದಿಲ್ಲ ಎಂದು ಅವರಿಗೆ ಹೇಳಲಾಗಲಿಲ್ಲ. ನೋಡ್ತೀನ್ರಿ ಎಂದೆ.